ದಣಿವು ಆರುವ ಹೊತ್ತು

1970ರ ದಶಕದ ಆರಂಭದ ಒಂದು ಬೆಳಿಗ್ಗೆ. ನ್ಯೂಯಾರ್ಕ್‌ನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಮನೆಯವರನ್ನು ಕರೆದುಕೊಂಡು ರಜೆಗೆ ಹೊರಡಬೇಕಿತ್ತು. ವಿಮಾನದ ಟಿಕೆಟ್ ಆಗಿತ್ತು, ಎಲ್ಲರೂ ಸಿದ್ಧರಾಗಿದ್ದರು. ಅವರಿಗೆ ಮಾತ್ರ ಹಾಸಿಗೆಯಿಂದ ಏಳಲು ಆಗಲಿಲ್ಲ. ವಿಮಾನ ತಪ್ಪಿತು. ರಜೆಯ ಮೊದಲ ದಿನಗಳು ನಿದ್ದೆಯಲ್ಲಿ ಕಳೆದವು. ಆಮೇಲೆ ಅವರು ಒಂದು ಟೇಪ್ ರೆಕಾರ್ಡರ್ ಮುಂದೆ ಕೂತು ಮನಸ್ಸಿಗೆ ಬಂದದ್ದನ್ನೆಲ್ಲ ಮಾತಾಡಿದರು. ಆ ಧ್ವನಿಯನ್ನು ಯಾರೋ ಅಪರಿಚಿತ ರೋಗಿಯದು ಎಂಬಂತೆ ಮತ್ತೆ ಹಾಕಿಕೊಂಡು ಕೇಳಿದರು. ಅದರಲ್ಲಿ ದಣಿವಿತ್ತು. ದಣಿವಿನ ಅಡಿಯಲ್ಲಿ ಸಿಟ್ಟೂ ಇತ್ತು.

ಆಗ ಅವರ ದಿನಚರಿ ಹೀಗಿತ್ತು: ಹಗಲೆಲ್ಲ ತಮ್ಮ ಖಾಸಗಿ ಕ್ಲಿನಿಕ್, ಸಂಜೆಯಿಂದ ನಡುರಾತ್ರಿಯವರೆಗೆ ಈಸ್ಟ್ ವಿಲೇಜ್ ಬಡಾವಣೆಯ ಉಚಿತ ಚಿಕಿತ್ಸಾಲಯ. ಅಲ್ಲಿಗೆ ಬರುತ್ತಿದ್ದವರಲ್ಲಿ ಅನೇಕರು ಮಾದಕವಸ್ತುಗಳ ಚಟಕ್ಕೆ ಬಿದ್ದ ತರುಣರು. ಚಟದಲ್ಲಿ ಪೂರ್ತಿ ಸುಟ್ಟುಹೋದವರನ್ನು ಅಲ್ಲಿನ ಬೀದಿಭಾಷೆಯಲ್ಲಿ 'ಬರ್ನ್ಡ್ ಔಟ್' ಎನ್ನುತ್ತಿದ್ದರು. ಫ್ರಾಯ್ಡೆನ್‌ಬರ್ಗರ್ ಅದೇ ಪದವನ್ನು ಆ ತರುಣರ ಆರೈಕೆಗೆ ನಿಂತವರಿಗೆ, ತಮ್ಮನ್ನೂ ಸೇರಿಸಿ, ಹಚ್ಚಿದರು. 1974ರಲ್ಲಿ ಅವರು ಬರೆದ ಪ್ರಬಂಧದಿಂದ 'ಬರ್ನ್‌ಔಟ್' ಎಂಬ ಮಾತು ವಿಜ್ಞಾನದೊಳಕ್ಕೆ ಬಂತು. ಅಂದರೆ ಈ ಪದದ ಹಿಂದೆ ಕೈತಪ್ಪಿದ ಒಂದು ರಜೆಯ ಕಥೆ ಇದೆ. ಈ ಅಧ್ಯಾಯಕ್ಕೆ ಆ ರಜೆಯೇ ಸರಿಯಾದ ಬಾಗಿಲು. ಏಕೆಂದರೆ ನಾನಿಲ್ಲಿ ಕೇಳಬೇಕೆಂದಿರುವುದು ಒಂದೇ ಪ್ರಶ್ನೆ: ರಜೆ ಹಾಕಿದರೆ ಈ ಸುಟ್ಟ ದಣಿವು ಹೋಗುತ್ತದೆಯೇ?

ಮೊದಲು ಅದು ಯಾವ ದಣಿವು ಎಂದು ತಿಳಿಯಬೇಕು. ಗದ್ದೆಯಲ್ಲಿ ಇಡೀ ದಿನ ನಾಟಿ ಮಾಡಿ ಬಂದವರ ಸೊಂಟನೋವು ಬರ್ನ್‌ಔಟ್ ಅಲ್ಲ. ಅದು ಉಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಮಾಸ್ಲಾಕ್ ನರ್ಸ್, ವಕೀಲ, ಸಮಾಜಸೇವಕರಂಥವರನ್ನು ವರ್ಷಗಟ್ಟಲೆ ಮಾತಾಡಿಸಿ, 1981ರಲ್ಲಿ ಸೂಸನ್ ಜಾಕ್ಸನ್ ಜೊತೆಗೂಡಿ ಇದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಅದರ ಪ್ರಕಾರ ಬರ್ನ್‌ಔಟ್‌ಗೆ ಮೂರು ಮುಖ. ಎಷ್ಟು ಮಲಗಿದರೂ ತೀರದ ಬಳಲಿಕೆ ಮೊದಲನೆಯದು. ಎರಡನೆಯದು, ಯಾರಿಗಾಗಿ ದುಡಿಯುತ್ತೇವೋ ಅವರ ಮೇಲೇ ಹುಟ್ಟುವ ತಾತ್ಸಾರ: ಎದುರು ಕೂತ ರೋಗಿ ಮನುಷ್ಯನಾಗಿ ಕಾಣದೆ 'ಏಳನೇ ನಂಬರ್ ಬೆಡ್' ಆಗುತ್ತಾನೆ. ಮೂರನೆಯದು, 'ನನ್ನಿಂದ ಏನೂ ಆಗುತ್ತಿಲ್ಲ' ಎಂಬ ಭಾವ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ದುಃಖದ್ದು. ಮಕ್ಕಳೆಂದರೆ ಪ್ರಾಣ ಬಿಡುತ್ತಿದ್ದ ಟೀಚರೊಬ್ಬರು ಗಂಟೆ ಹೊಡೆದ ಸದ್ದು ಕೇಳಿದರೆ ಹೊಟ್ಟೆ ಕಿವುಚುತ್ತದೆ ಎಂದು ನನ್ನೆದುರು ಕಣ್ಣೀರು ಹಾಕಿದ್ದನ್ನು ನಾನು ಮರೆತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ತನ್ನ ಕಾಯಿಲೆಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಗೆ ಸೇರಿಸಿತು. ಸೇರಿಸುವಾಗ ಇದು ಕಾಯಿಲೆಯಲ್ಲ, ಉದ್ಯೋಗದ ಜಾಗದಲ್ಲಿ ಸರಿಯಾಗಿ ನಿಭಾಯಿಸದೆ ಉಳಿದ ದೀರ್ಘಕಾಲದ ಒತ್ತಡದ ಫಲ ಎಂದು ಸ್ಪಷ್ಟವಾಗಿ ಹೇಳಿತು. ಕಾರಣ ಇರುವುದು ಕೆಲಸದಲ್ಲಿ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಗ್ಲಿಷಿನವರು ದಣಿವನ್ನು ಸುಡುವ ಬೆಂಕಿಯಲ್ಲಿ ಕಂಡರೆ, ಅದು ವಾಸಿಯಾಗುವುದಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಒಂದು ಮಾತಿದೆ. ನಾವು ದಣಿವನ್ನು 'ಆರಿಸಿಕೊಳ್ಳುತ್ತೇವೆ'. ಬೆಂಕಿ ಆರುತ್ತದೆ, ಬಿಸಿ ಹಾಲು ಆರುತ್ತದೆ, ಒದ್ದೆ ಬಟ್ಟೆ ಆರುತ್ತದೆ, ಬಾಯಾರಿದವರು ನೀರು ಕುಡಿದು ದಣಿವಾರಿಸಿಕೊಳ್ಳುತ್ತಾರೆ. ಇವುಗಳಲ್ಲಿ ಯಾವುದೂ ಅವಸರ ಮಾಡಿದರೆ ಆಗುವುದಲ್ಲ. ಒಲೆಯಿಂದ ಇಳಿಸಿ ಬದಿಗಿಟ್ಟು ಬಿಡಬೇಕು, ಅಷ್ಟೆ. 'ಬೇಯುವ ತನಕ ಇದ್ದವರಿಗೆ ಆರುವ ತನಕ ಇರಲಾಗದೆ?' ಎಂದು ಅಡುಗೆಮನೆಯಲ್ಲಿ ಹುಟ್ಟಿದ ಗಾದೆ ಕೇಳುತ್ತದೆ. ದೇಹದೊಳಗೆ ಈ ಆರುವಿಕೆ ಹೇಗೆ ನಡೆಯುತ್ತದೆ ಎಂಬುದು ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಒಂದಿಷ್ಟು ತಿಳಿದುಬಂದಿದೆ.

ಮ್ಯಾನೇಜರ್ ಸಿಟ್ಟಿನಿಂದ ಕರೆದರು ಎನ್ನಿ. ಕ್ಷಣಾರ್ಧದಲ್ಲಿ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಕೆಲವು ನಿಮಿಷ ತಡವಾಗಿ ಎರಡನೆಯ ಅಲೆ ಬರುತ್ತದೆ. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳಿ, ಪಿಟ್ಯುಟರಿ ಮತ್ತೆ ಅಡ್ರಿನಲ್‌ಗೆ ಹೇಳಿ, ಕಾರ್ಟಿಸಾಲ್ ಎಂಬ ಹಾರ್ಮೋನು ಸ್ರವಿಸುತ್ತದೆ. ರಕ್ತಕ್ಕೆ ಸಕ್ಕರೆ ತುಂಬುವುದು, ಜೀರ್ಣಕ್ರಿಯೆಯಂಥ ತುರ್ತಲ್ಲದ ಕೆಲಸಗಳನ್ನು ಪಕ್ಕಕ್ಕಿಡುವುದು ಅದರ ಪಾತ್ರ. ಇದು ನಮ್ಮನ್ನು ಕಾಪಾಡಲೆಂದೇ ಇರುವ ಏರ್ಪಾಡು. ಅಪಾಯ ಸರಿದ ಮೇಲೆ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಕಾರ್ಟಿಸಾಲ್ ಒಂದೊಂದೂವರೆ ಗಂಟೆಗೆ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಲ್ಲಿ ಸಂಜೆ ಆರಕ್ಕೆ ಕಚೇರಿ ಬಿಟ್ಟವರ ಮೈ ರಾತ್ರಿ ಊಟದ ಹೊತ್ತಿಗೆ ಬಹುಮಟ್ಟಿಗೆ ತಣ್ಣಗಾಗಿರಬೇಕು. ಹಾಗೆ ಆಗುತ್ತಿಲ್ಲವೆಂಬುದು ನಮಗೆಲ್ಲ ಗೊತ್ತು. ಏಕೆ?

ನೆದರ್‌ಲೆಂಡ್ಸ್‌ನ ಯೋಸ್ ಬ್ರೊಸ್‌ಕಾಟ್ ಮತ್ತು ಅಮೆರಿಕದ ಇಬ್ಬರು ಸಂಗಡಿಗರು 2006ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ದೇಹಕ್ಕೆ ಒತ್ತಡದ ಘಟನೆಗಿಂತ ಅದರ ಮೆಲುಕು ಹೆಚ್ಚು ಹಾನಿ ಮಾಡುತ್ತದೆ. ಮ್ಯಾನೇಜರ್ ಬೈದದ್ದು ಐದು ನಿಮಿಷ. ಅದನ್ನು ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ, ರಾತ್ರಿ ಎರಡಕ್ಕೆ ಎಚ್ಚರವಾದಾಗ ಮತ್ತೆ ಮತ್ತೆ ಆಡಿಸಿ ನೋಡುವುದು ಐದು ಗಂಟೆ. ಆದದ್ದನ್ನು ನೆನೆಯುವುದಕ್ಕೂ ನಾಳೆ ಏನಾಗುವುದೋ ಎಂದು ಅಂಜುವುದಕ್ಕೂ ದೇಹ ಅದೇ ರಾಸಾಯನಿಕಗಳಿಂದ ಉತ್ತರ ಕೊಡುತ್ತದೆ. ಹಾಲು ಒಲೆಯಿಂದ ಇಳಿದಿಲ್ಲ. ಹೀಗಾಗಿ ಕಚೇರಿಯಿಂದ ದೂರವಿದ್ದ ಮಾತ್ರಕ್ಕೆ ವಿಶ್ರಾಂತಿ ಆಗಿಬಿಡುವುದಿಲ್ಲ. ಮಡಿಕೇರಿಯ ಹೋಂಸ್ಟೇ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತವರ ಮನಸ್ಸು ವೈಟ್‌ಫೀಲ್ಡ್‌ನ ಮೀಟಿಂಗ್ ರೂಮಿನಲ್ಲಿದ್ದರೆ, ಅವರ ಅಡ್ರಿನಲ್ ಗ್ರಂಥಿಗಳೂ ವೈಟ್‌ಫೀಲ್ಡ್‌ನಲ್ಲೇ ಇರುತ್ತವೆ.

ಮೆಲುಕಿಗೆ ಮುಖ್ಯ ಮೇವು ಅರ್ಧಕ್ಕೆ ಬಿಟ್ಟ ಕೆಲಸ. 1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಕುರ್ಟ್ ಲೆವಿನ್ ಅವರ ಇಬ್ಬರು ವಿದ್ಯಾರ್ಥಿನಿಯರು ಇದನ್ನು ಪರೀಕ್ಷಿಸಿದರು. ಬ್ಲೂಮಾ ಝೈಗಾರ್ನಿಕ್ ಜನರಿಗೆ ಸಣ್ಣಪುಟ್ಟ ಕೆಲಸ ಕೊಟ್ಟು, ಕೆಲವನ್ನು ನಡುವೆಯೇ ನಿಲ್ಲಿಸಿ, ಯಾವುದು ಹೆಚ್ಚು ನೆನಪಿರುತ್ತದೆ ಎಂದು ನೋಡಿದರು. ಮಾರಿಯಾ ಓವ್ಸಿಯಾಂಕಿನಾ ಅಂಥದೇ ಪ್ರಯೋಗ ಮಾಡಿ, ನಿಲ್ಲಿಸಿದ ಕೆಲಸಕ್ಕೆ ಜನ ಯಾರೂ ಹೇಳದಿದ್ದರೂ ತಾವಾಗಿ ಮರಳುವುದನ್ನು ಕಂಡರು. ಝೈಗಾರ್ನಿಕ್ ಹೇಳಿದ ನೆನಪಿನ ಮಾತು ಮುಂದಿನ ಪ್ರಯೋಗಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಓವ್ಸಿಯಾಂಕಿನಾ ಕಂಡ ಸೆಳೆತ ನಿಂತಿದೆ. ಅರ್ಧಕ್ಕೆ ಬಿಟ್ಟದ್ದು ಕರೆಯುತ್ತಲೇ ಇರುತ್ತದೆ. ಹಾಗೆಂದು ಎಲ್ಲವನ್ನೂ ಮುಗಿಸಿಯೇ ರಜೆಗೆ ಹೋಗುತ್ತೇನೆಂದರೆ ಯಾರೂ ರಜೆಗೆ ಹೋಗಲಾರರು. 2011ರಲ್ಲಿ ಮಸಿಕಾಂಪೋ ಮತ್ತು ಬೌಮೈಸ್ಟರ್ ತೋರಿಸಿದ ಸಂಗತಿ ಇಲ್ಲಿ ಕೈಹಿಡಿಯುತ್ತದೆ. ಬಾಕಿ ಕೆಲಸವನ್ನು ಯಾವಾಗ, ಎಲ್ಲಿ, ಹೇಗೆ ಮಾಡುವೆನೆಂದು ಖಚಿತವಾಗಿ ಬರೆದಿಟ್ಟರೆ ಸಾಕು, ಕೆಲಸ ಮುಗಿಯದಿದ್ದರೂ ಅದರ ಯೋಚನೆ ತಲೆಗೆ ನುಗ್ಗುವುದು ಬಹಳ ಕಡಿಮೆಯಾಗುತ್ತದೆ. 'ಬಂದಮೇಲೆ ನೋಡಿದರಾಯಿತು' ಎಂಬುದು ಸಾಲದು. 'ಹದಿನಾರನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಆಡಿಟ್ ಫೈಲು ತೆಗೆದು ಮೂರನೇ ಪಟ್ಟಿಯಿಂದ ಶುರು' ಎಂದು ಬರೆಯಬೇಕು. ರಜೆಗೆ ಹೊರಡುವ ಹಿಂದಿನ ದಿನದ ಕೊನೆಯ ಒಂದು ಗಂಟೆಯನ್ನು ನಾನು ಇದಕ್ಕೇ ತೆಗೆದಿಡುತ್ತೇನೆ. ಈ ಅಧ್ಯಾಯದಿಂದ ಒಂದನ್ನೇ ಆರಿಸಿಕೊಳ್ಳಿ ಎಂದರೆ ಇದನ್ನು ಆರಿಸಿಕೊಳ್ಳಿ ಎನ್ನುತ್ತೇನೆ.

ದಣಿದ ಮಿದುಳಿನ ಇನ್ನೊಂದು ಸ್ವಭಾವವನ್ನೂ ಇಲ್ಲೇ ಹೇಳಿಬಿಡಬೇಕು. 2022ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಆರು ಗಂಟೆಗೂ ಹೆಚ್ಚು ಹೊತ್ತು ಜನರಿಗೆ ತಲೆಕೆಲಸ ಕೊಟ್ಟು ಮಿದುಳನ್ನು ಸ್ಕ್ಯಾನ್ ಮಾಡಿದರು. ಕಠಿಣ ಕೆಲಸ ಮಾಡಿದವರಲ್ಲಿ ಹಣೆಯ ಹಿಂಭಾಗದ ಮಿದುಳಿನಲ್ಲಿ, ಅಂದರೆ ಯೋಚಿಸಿ ನಿರ್ಧರಿಸುವ ಭಾಗದಲ್ಲಿ, ಗ್ಲುಟಮೇಟ್ ಎಂಬ ರಾಸಾಯನಿಕ ಶೇಖರವಾಗಿತ್ತು. ಅವರಿಗೆ ಆಯ್ಕೆ ಕೊಟ್ಟಾಗ, ಶ್ರಮವಿಲ್ಲದೆ ತಕ್ಷಣ ಸಿಗುವ ಸಣ್ಣ ಲಾಭದ ಕಡೆಗೇ ಅವರು ವಾಲಿದರು. ದಣಿದ ಸಂಜೆ ಪಾರ್ಕಿಗೆ ಹೋಗಬೇಕೆಂದುಕೊಂಡ ಕೈ ಫೋನಿನ ಮೇಲೇಕೆ ಹೋಗುತ್ತದೆ ಎಂಬುದಕ್ಕೆ ಇಲ್ಲೊಂದು ಸುಳಿವು ಇದೆ. ಸೋಮಾರಿತನವೆಂದು ನಮ್ಮನ್ನು ನಾವೇ ಹಳಿದುಕೊಳ್ಳುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು.

ಈಗ ರಜೆಗೆ ಬರೋಣ. ನೆದರ್‌ಲೆಂಡ್ಸ್‌ನ ನೈಮೇಖನ್ ಊರಿನ ರಾಡ್‌ಬೌಡ್ ವಿಶ್ವವಿದ್ಯಾಲಯದಲ್ಲಿ ಜೆಸ್ಸಿಕಾ ದ ಬ್ಲೂಮ್ ಎಂಬ ಸಂಶೋಧಕಿ ತಮ್ಮ ಡಾಕ್ಟರೇಟ್ ಕೆಲಸವನ್ನೇ ಈ ವಿಷಯಕ್ಕೆ ಮೀಸಲಿಟ್ಟರು. ರಜೆಗೆ ಮುಂಚೆ ಮತ್ತು ರಜೆಯ ನಂತರ ಅಳೆದರೆ ಸಾಲದು, ರಜೆಯ ಒಳಗೆ ಏನಾಗುತ್ತದೆಂದು ನೋಡಬೇಕು ಎಂಬುದು ಅವರ ನಿಲುವು. ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 54 ನೌಕರರಿದ್ದರು. ಅವರ ರಜೆ ಸರಾಸರಿ 23 ದಿನ. ಹೊರಡುವ ಎರಡು ವಾರ ಮುಂಚೆ, ರಜೆಯ ನಡುನಡುವೆ, ಮರಳಿದ ಮೇಲೆ ಒಂದು, ಎರಡು, ನಾಲ್ಕು ವಾರಗಳಿಗೆ ಅವರ ಆರೋಗ್ಯ, ಮನಃಸ್ಥಿತಿ, ಆಯಾಸ, ಒತ್ತಡಗಳನ್ನು ಕೇಳಿ ದಾಖಲಿಸಿದರು. ರಜೆ ಶುರುವಾದೊಡನೆ ಗೆರೆ ಮೇಲೇರಿತು. ಎಂಟನೆಯ ದಿನದ ಸುಮಾರಿಗೆ ತುತ್ತತುದಿ ಮುಟ್ಟಿತು. ಮತ್ತೆರಡು ವಾರ ರಜೆ ಉಳಿದಿದ್ದರೂ ಅದಕ್ಕಿಂತ ಮೇಲೆ ಹೋಗಲಿಲ್ಲ. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಹಿಂದಿನ ಮಟ್ಟಕ್ಕೆ ಇಳಿದುಬಿಟ್ಟಿತು. ಐವತ್ತನಾಲ್ಕು ಜನರಿಂದ ಇಡೀ ಮನುಕುಲದ ನಿಯಮ ಮಾಡಲಾಗದು. ಎಂಟು ಎಂಬ ಸಂಖ್ಯೆಯಲ್ಲಿ ಮಂತ್ರಶಕ್ತಿ ಏನೂ ಇಲ್ಲ. ಆದರೂ ಆ ಗೆರೆಯ ಆಕಾರ ನನ್ನನ್ನು ಬಹಳ ದಿನ ಕಾಡಿತು. ದಣಿವು ಆರಲು ಒಂದು ವಾರದಷ್ಟು ಹೊತ್ತು ಬೇಕು ಎಂದು ಅದು ಹೇಳುತ್ತಿತ್ತು. ಆರಿದ್ದು ಕಾಯಲು ಅಷ್ಟೂ ದಿನ ಬೇಡ ಎಂದೂ ಹೇಳುತ್ತಿತ್ತು.

ಅಂಥದ್ದರಲ್ಲಿ ನಮ್ಮ ಲಾಂಗ್ ವೀಕೆಂಡ್ ಮೂರೇ ದಿನದ್ದು. ಶುಕ್ರವಾರ ರಾತ್ರಿ ಬೆಂಗಳೂರು ಬಿಡುವ ಸಾವಿರಾರು ಕಾರುಗಳು ನೆಲಮಂಗಲದ ಟೋಲ್ ದಾಟುವುದಕ್ಕೇ ಒದ್ದಾಡುತ್ತವೆ. ಸೋಮವಾರ ಸಂಜೆ ಅದೇ ಒದ್ದಾಟ ಹಿಮ್ಮುಖವಾಗಿ. ಜಾಗ ನೋಡಿದ ಖುಷಿ ಸುಳ್ಳಲ್ಲ, ಆದರೆ ದಣಿವಾರುವ ಪ್ರಕ್ರಿಯೆ ಆಗತಾನೇ ಶುರುವಾಗಿರುತ್ತದೆ. ಕೆಲವರಿಗಂತೂ ರಜೆಯ ಮೊದಲೆರಡು ದಿನ ತಲೆನೋವು, ಮೈಕೈ ನೋವು, ನೆಗಡಿಯಲ್ಲೇ ಹೋಗುತ್ತದೆ. ಡಚ್ ಮನಶ್ಶಾಸ್ತ್ರಜ್ಞ ಆದ್ ವಿಂಗರ್‌ಹೂಟ್ಸ್ 1,893 ಜನರನ್ನು ಕೇಳಿದಾಗ ಸುಮಾರು ಶೇಕಡಾ 3ರಷ್ಟು ಮಂದಿ, ಕೆಲಸದ ದಿನಗಳಲ್ಲಿ ಗಟ್ಟಿಯಾಗಿದ್ದು ಬಿಡುವು ಸಿಕ್ಕೊಡನೆ ಕಾಯಿಲೆ ಬೀಳುವುದಾಗಿ ಹೇಳಿದರು. ಕೆಲಸದ ಹೊರೆ ಹೆಚ್ಚಿದ್ದವರಲ್ಲಿ, ಜವಾಬ್ದಾರಿಯನ್ನು ಅತಿಯಾಗಿ ಮೈಮೇಲೆ ಹಾಕಿಕೊಳ್ಳುವವರಲ್ಲಿ ಇದು ಹೆಚ್ಚು. ವಿಮಾನ ತಪ್ಪಿಸಿಕೊಂಡ ಫ್ರಾಯ್ಡೆನ್‌ಬರ್ಗರ್ ಇಲ್ಲಿ ನನಗೆ ನೆನಪಾಗುತ್ತಾರೆ.

ಇಳಿಯುವ ಗೆರೆಯನ್ನು ಮೊದಲು ಎಚ್ಚರಿಕೆಯಿಂದ ಅಳೆದವರು ಟೆಲ್ ಅವೀವ್ ವಿಶ್ವವಿದ್ಯಾಲಯದ ಮಿನಾ ವೆಸ್ಟ್‌ಮನ್ ಮತ್ತು ಡೊವ್ ಈಡನ್. 1997ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿದ್ದವರು 76 ಗುಮಾಸ್ತರು. ರಜೆಯಲ್ಲಿ ಬರ್ನ್‌ಔಟ್ ಇಳಿಯಿತು. ಮರಳಿದ ಮೂರು ದಿನಕ್ಕೆ ಸ್ವಲ್ಪ ಏರಿತು. ಮೂರು ವಾರಕ್ಕೆ ಮೊದಲಿದ್ದಲ್ಲಿಗೇ ಬಂತು. ಆಮೇಲೆ 2011ರಲ್ಲಿ ಜರ್ಮನಿಯ ಯಾನಾ ಕ್ಯೂನಲ್ ಮತ್ತು ಸಬೀನಾ ಜೊನೆನ್‌ಟಾಗ್ 131 ಶಾಲಾ ಶಿಕ್ಷಕರನ್ನು ರಜೆಯ ಹಿಂದೆ ಮುಂದೆ ಗಮನಿಸಿದರು. ಒಂದು ತಿಂಗಳೊಳಗೆ ರಜೆಯ ಫಲ ಕರಗಿತ್ತು. ಆದರೆ ಎಲ್ಲರಿಗೂ ಒಂದೇ ವೇಗದಲ್ಲಲ್ಲ. ಮರಳಿದೊಡನೆ ಕೆಲಸದ ರಾಶಿಯಡಿ ಸಿಕ್ಕವರದು ಬೇಗ ಕರಗಿತು. ಮರಳಿದ ಮೇಲೂ ಸಂಜೆಗಳನ್ನು ನೆಮ್ಮದಿಯಾಗಿ ಕಳೆದವರದು ನಿಧಾನವಾಗಿ ಕರಗಿತು. ಈ ಅಧ್ಯಯನ ಓದುವಾಗ ನಮ್ಮ ಶಾಲೆಗಳ ಚಿತ್ರ ಕಣ್ಣಮುಂದೆ ಬರುತ್ತದೆ. 2025ರ ದಸರಾ ರಜೆಯಲ್ಲಿ ರಾಜ್ಯದ ಶಿಕ್ಷಕರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಮೊಬೈಲ್ ಹಿಡಿದು ಮನೆಮನೆ ಸುತ್ತಿದರು. ಸಮೀಕ್ಷೆ ಮುಗಿಯದೆ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಮಕ್ಕಳಿಗೆ ಅದು ರಜೆ, ಶಿಕ್ಷಕರಿಗೆ ಅಲ್ಲ. ಸಮೀಕ್ಷೆ ಅಗತ್ಯವಾದ ಕೆಲಸ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ 'ಟೀಚರಿಗೇನು, ವರ್ಷಕ್ಕೆರಡು ಸಲ ರಜೆ' ಎಂದು ಹೇಳುವಾಗ ಆ ರಜೆಯೊಳಗೆ ಏನಿತ್ತು ಎಂದು ನೋಡಬೇಕು.

2025ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರು ಇಂಥ 32 ಅಧ್ಯಯನಗಳನ್ನು ಒಟ್ಟುಮಾಡಿ ಲೆಕ್ಕ ಹಾಕಿದರು. ಹಿಂದೆ ಅಂದುಕೊಂಡದ್ದಕ್ಕಿಂತ ರಜೆಯ ಫಲ ದೊಡ್ಡದು, ಕರಗುವುದೂ ನಿಧಾನ ಎಂಬುದು ಅವರಿಗೆ ಕಂಡದ್ದು. ಎಷ್ಟು ದೂರ ಹೋದೆವು ಎನ್ನುವುದಕ್ಕಿಂತ ಕೆಲಸವನ್ನು ಮನಸ್ಸಿನಿಂದ ಎಷ್ಟು ಇಳಿಸಿದೆವು ಎಂಬುದೇ ಹೆಚ್ಚು ಲೆಕ್ಕಕ್ಕೆ ಬಂತು.

ಹಾಗಾದರೆ ಒಳ್ಳೆಯ ರಜೆಯೊಳಗೆ ಏನಿರಬೇಕು? ಜೊನೆನ್‌ಟಾಗ್ ಮತ್ತು ಷಾರ್ಲಟ್ ಫ್ರಿಟ್ಸ್ 2007ರಲ್ಲಿ ನಾಲ್ಕು ಅನುಭವಗಳನ್ನು ಗುರುತಿಸಿದರು: ಕೆಲಸ ಮನಸ್ಸಿನಿಂದ ಕಳಚುವುದು, ಮೈಮನ ಸಡಿಲಾಗುವುದು, ಕೆಲಸಕ್ಕೆ ಸಂಬಂಧಿಸದ ಯಾವುದನ್ನಾದರೂ ಕಲಿತು ಪಳಗುವುದು, ನನ್ನ ಹೊತ್ತು ನನ್ನ ಕೈಯಲ್ಲಿದೆ ಎನ್ನಿಸುವುದು. ಇದನ್ನು ಓದಿದಾಗ ನನಗೆ ಹೊಳೆದದ್ದು ರೆಸಾರ್ಟ್ ಅಲ್ಲ, ತವರುಮನೆ. ನಮ್ಮ ಹಳೆಯ ಕೂಡುಕುಟುಂಬಗಳಲ್ಲಿ ಹೆಣ್ಣಿಗೆ ಭಾನುವಾರವಿರಲಿಲ್ಲ, ಹಬ್ಬವೆಂದರೆ ಇಮ್ಮಡಿ ಕೆಲಸ. ಆಷಾಢದಲ್ಲಿ, ಕರಾವಳಿಯಲ್ಲಿ ಆಟಿ ತಿಂಗಳಲ್ಲಿ, ಹೊಸ ಸೊಸೆ ತವರಿಗೆ ಹೋಗುವುದೊಂದೇ ಬಿಡುವು. ಅಲ್ಲಿ ಗಂಡನ ಮನೆಯ ಒಲೆ ಕಣ್ಣಿಗೆ ಬೀಳುವುದಿಲ್ಲ. ಹೊತ್ತೇರಿ ಎದ್ದರೆ ಕೇಳುವವರಿಲ್ಲ. ತಾಯಿ ಎಣ್ಣೆಯೊತ್ತಿ ನೀರು ಹಾಕುತ್ತಾಳೆ. ಅಜ್ಜಿಯ ಹತ್ತಿರ ಹೊಸದೊಂದು ಕಸೂತಿಯೋ ಕೌದಿಯೋ ಕಲಿತರೆ ಅದು ಅವಳ ಇಷ್ಟಕ್ಕೆ. ಆ ಪದ್ಧತಿಗೆ ಬೇರೆ ಬೇರೆ ಕಾರಣಗಳಿದ್ದವು, ದಣಿವಾರಿಸುವುದಕ್ಕೆಂದೇ ಯಾರೂ ಅದನ್ನು ಮಾಡಿದ್ದಲ್ಲ. ಆದರೂ ಜೊನೆನ್‌ಟಾಗ್ ಮತ್ತು ಫ್ರಿಟ್ಸ್ ಗುರುತಿಸಿದ ನಾಲ್ಕೂ ಅಲ್ಲಿದ್ದವು. ಈಗ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಕುಟುಂಬವೆಲ್ಲ ಸೇರಿ ಹೋಗುವ ಪ್ರವಾಸದ ತಯಾರಿ, ಮಕ್ಕಳ ಬಟ್ಟೆ, ಮಾತ್ರೆ, ತಿಂಡಿ ಎಲ್ಲವೂ ಹೆಂಡತಿಯ ತಲೆಯ ಮೇಲೆ. ಗಂಡನಿಗೆ ಅದು ರಜೆ, ಅವಳಿಗೆ ಸ್ಥಳ ಬದಲಾದ ಅದೇ ಡ್ಯೂಟಿ. ರಜೆಯ ವಿಜ್ಞಾನ ಮನೆಯೊಳಗೆ ಬರುವುದಾದರೆ ಮೊದಲು ಇಲ್ಲಿಗೆ ಬರಬೇಕು.

ರಜೆ ಕೂಡಿಡುವ ನಮ್ಮ ಅಭ್ಯಾಸದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, ಅಂದರೆ ಇಎಲ್. ಅದನ್ನು 300 ದಿನದವರೆಗೆ ಕೂಡಿಟ್ಟು ನಿವೃತ್ತಿಯಾಗುವಾಗ ಹಣವಾಗಿ ಪಡೆಯಬಹುದು. ವರ್ಷಕ್ಕಿಷ್ಟು ದಿನ ಸರೆಂಡರ್ ಮಾಡಿಯೂ ಹಣ ಪಡೆಯುವವರಿದ್ದಾರೆ. ಮಗಳ ಮದುವೆ, ಮನೆಯ ಆರ್‌ಸಿಸಿ, ಮಗನ ಕಾಲೇಜು ಫೀಸು, ಎಷ್ಟೋ ಸಂಸಾರಗಳ ಗಟ್ಟಿ ಆಸರೆ ಈ ಹಣ. ಅದನ್ನು ಕಡಿಮೆ ಮಾಡಿ ನೋಡುವ ಮನಸ್ಸು ನನಗಿಲ್ಲ. ಆದರೆ ದೇಹಕ್ಕೆ ಈ ಖಾತೆ ಗೊತ್ತಿಲ್ಲ. ಮೂವತ್ತೈದನೇ ವಯಸ್ಸಿನ ದಣಿವನ್ನು ಅರವತ್ತರಲ್ಲಿ ಆರಿಸಿಕೊಳ್ಳಲು ಬರುವುದಿಲ್ಲ. ಜರ್ಮನಿಯ 1963ರ ರಜಾ ಕಾಯ್ದೆ ಈ ವಿಷಯದಲ್ಲಿ ಬಿಗಿಯಾಗಿದೆ. ನೌಕರಿ ಬಿಡುವಾಗಿನ ಲೆಕ್ಕವೊಂದನ್ನು ಬಿಟ್ಟರೆ ಕನಿಷ್ಠ ರಜೆಯನ್ನು ಹಣಕ್ಕೆ ಬದಲಿಸಿಕೊಳ್ಳುವಂತಿಲ್ಲ. ರಜೆಯ ಒಂದು ಭಾಗ ಎರಡು ವಾರದಷ್ಟು ಸತತವಾಗಿರಬೇಕು. ರಜೆಯಲ್ಲಿ ವಿಶ್ರಾಂತಿಯ ಉದ್ದೇಶಕ್ಕೆ ಅಡ್ಡ ಬರುವ ಬೇರೆ ದುಡಿಮೆ ಮಾಡುವಂತಿಲ್ಲ. ರಜೆಯಲ್ಲಿದ್ದಾಗ ಕಾಯಿಲೆ ಬಿದ್ದರೆ, ವೈದ್ಯರ ಚೀಟಿ ತೋರಿಸಿದ ದಿನಗಳನ್ನು ರಜೆಯಿಂದ ಕಳೆಯುವಂತಿಲ್ಲ. ಅಲ್ಲಿ ರಜೆ ಎಂದರೆ ದಣಿವಾರಿಸಿಕೊಳ್ಳುವುದು ಎಂದೇ ಕಾನೂನಿನ ಅರ್ಥ.

ನಮ್ಮಲ್ಲೂ ಒಂದು ಕಡೆ ಅಂಥ ಬಿಗಿ ಇದೆ, ಬೇರೆ ಉದ್ದೇಶಕ್ಕೆ. ಹಣಕಾಸಿನ ಸೂಕ್ಷ್ಮ ಹುದ್ದೆಗಳಲ್ಲಿರುವ ಬ್ಯಾಂಕ್ ನೌಕರರು ವರ್ಷಕ್ಕೊಮ್ಮೆ ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆ ಹೋಗಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. 2021ರ ಜುಲೈನ ಸುತ್ತೋಲೆಯ ಪ್ರಕಾರ ಆ ರಜೆಯನ್ನು ಮುನ್ಸೂಚನೆಯಿಲ್ಲದೆ ಕೊಡಬೇಕು. ಆ ದಿನಗಳಲ್ಲಿ ಸಾಮಾನ್ಯ ಇಮೇಲ್ ಒಂದನ್ನು ಬಿಟ್ಟು ಕೆಲಸದ ಯಾವ ಕಡತವೂ ಕಂಪ್ಯೂಟರ್ ವ್ಯವಸ್ಥೆಯೂ ಅವರ ಕೈಗೆ ಸಿಗಬಾರದು. ಕುರ್ಚಿ ಖಾಲಿಯಾದಾಗ ಅವ್ಯವಹಾರವಿದ್ದರೆ ಹೊರಬರುತ್ತದೆ ಎಂಬುದು ಇದರ ತರ್ಕ. ಬ್ಯಾಂಕಿನಲ್ಲಿರುವ ನನ್ನ ಚಿಕ್ಕಮ್ಮನ ಮಗ ಹೀಗೆ ರಜೆ ಹೋದಾಗ ಮೊದಲ ಮೂರು ದಿನ ಚಡಪಡಿಸಿದ್ದ. 'ಅಣ್ಣಾ, ಐದನೇ ದಿನ ಬೆಳಿಗ್ಗೆ ಎದ್ದಾಗ ಇವತ್ತು ಯಾವ ವಾರ ಅಂತ ತಕ್ಷಣ ಗೊತ್ತಾಗಲಿಲ್ಲ. ಎಷ್ಟು ವರ್ಷ ಆಗಿತ್ತು ಹಾಗಾಗಿ' ಎಂದ. ಲಾಗಿನ್ ಮುಚ್ಚಿದ್ದೇ ಅವನಿಗೆ ಔಷಧಿಯಾಗಿತ್ತು. ಮನಸ್ಸು ಗಟ್ಟಿ ಮಾಡಿಕೊಂಡು ಫೋನ್ ದೂರವಿಡಿ ಎಂದು ನೌಕರನೊಬ್ಬನಿಗೇ ಹೇಳುವುದಕ್ಕಿಂತ ಬಾಗಿಲನ್ನು ಸಂಸ್ಥೆಯೇ ಮುಚ್ಚುವುದು ಹೆಚ್ಚು ಕೆಲಸ ಮಾಡುತ್ತದೆ. ಜರ್ಮನಿಯ ಡೈಮ್ಲರ್ ಕಂಪನಿ 2010ರ ದಶಕದಲ್ಲಿ ರಜೆಯಲ್ಲಿರುವವರಿಗೆ ಬರುವ ಇಮೇಲನ್ನು ತಾನಾಗಿ ಅಳಿಸಿ, ಕಳಿಸಿದವರಿಗೆ ಬೇರೆಯವರ ವಿಳಾಸ ತಿಳಿಸುವ ಏರ್ಪಾಡು ತಂದದ್ದು ಇದೇ ದಾರಿಯಲ್ಲಿ. ಮರಳಿದಾಗ ಪೆಟ್ಟಿಗೆಯಲ್ಲಿ ರಾಶಿ ಇರುವುದಿಲ್ಲ. ರಾಶಿ ಏನು ಮಾಡುತ್ತದೆಂದು ಆ 131 ಶಿಕ್ಷಕರಿಂದ ನಮಗೆ ಗೊತ್ತಾಗಿದೆ.

ಸಂಬಳದ ರಜೆಯೇ ಇಲ್ಲದವರು ನಮ್ಮ ದೇಶದಲ್ಲಿ ಬಹುಪಾಲು ಎಂಬುದನ್ನು ಮರೆತು ಈ ಅಧ್ಯಾಯ ಬರೆಯಲಾರೆ. ಡೆಲಿವರಿ ಹುಡುಗನಿಗೆ, ಗಾರ್ಮೆಂಟ್ಸ್‌ನಿಂದ ಮರಳಿ ಅಡುಗೆಗೆ ನಿಲ್ಲುವ ಹೆಂಗಸಿಗೆ, ದಿನಗೂಲಿಯವರಿಗೆ ಎಂಟು ದಿನದ ಮಾತು ಬೇರೆ ಲೋಕದ್ದು. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತಿಗೆ ಕೊಟ್ಟ ವಾರದ ಆ ಒಂದು ದಿನವನ್ನು ಎಷ್ಟೋ ಮನುಷ್ಯರಿಗೆ ನಾವಿನ್ನೂ ಕೊಟ್ಟಿಲ್ಲ. ಅಮೆರಿಕದ ಕ್ಯಾಸಿ ಮೊಗಿಲ್ನರ್ ಹೋಮ್ಸ್ ಮತ್ತು ಸಂಗಡಿಗರ ಪ್ರಯೋಗವೊಂದರಲ್ಲಿ, ವಾರಾಂತ್ಯವನ್ನು ರಜೆಯೆಂದೇ ಭಾವಿಸಿ ಕಳೆಯಿರಿ ಎಂದಷ್ಟೇ ಹೇಳಿದವರು ಸೋಮವಾರ ಹೆಚ್ಚು ಸಂತೋಷವಾಗಿದ್ದರು. ಅವರು ಮನೆಗೆಲಸ ಕಡಿಮೆ ಮಾಡಿದ್ದರು, ಆ ಹೊತ್ತಿನಲ್ಲಿ ಹೆಚ್ಚು ಮನಸ್ಸಿಟ್ಟಿದ್ದರು. ಒಂದು ಭಾನುವಾರ ಕೈಯಲ್ಲಿದ್ದರೂ ಮಾಡಬಹುದಾದದ್ದು ಇದು. ಆ ಭಾನುವಾರವಾದರೂ ಇರಬೇಕಲ್ಲ.

ಕೊನೆಗೆ, ರಜೆಯಿಂದ ಆಗದ ಕೆಲಸ. ಸ್ವೀಡನ್‌ನಲ್ಲಿ ತೀವ್ರ ಬಳಲಿಕೆಯನ್ನು 2005ರಿಂದ ವೈದ್ಯಕೀಯ ರೋಗನಿರ್ಣಯವಾಗಿ ಒಪ್ಪಿದ್ದಾರೆ. ಅಂಥ ರೋಗಿಗಳನ್ನು ಇವಾಂಕಾ ಸಾವಿಕ್ ತಂಡ ಎಂಆರ್‌ಐನಲ್ಲಿ ನೋಡಿದಾಗ ಮುಂಭಾಗದ ಮಿದುಳಿನ ಪದರ ತೆಳುವಾಗಿತ್ತು, ಭಯವನ್ನು ಗುರುತಿಸುವ ಅಮಿಗ್ಡಲಾ ಹಿಗ್ಗಿತ್ತು. ಒಂದೆರಡು ವರ್ಷದ ಚಿಕಿತ್ಸೆಯ ನಂತರ ಈ ಬದಲಾವಣೆಗಳಲ್ಲಿ ಕೆಲವು ಹಿಂದಕ್ಕೆ ಸರಿದವು, ಎಲ್ಲವೂ ಅಲ್ಲ. ಅಷ್ಟು ಆಳಕ್ಕೆ ಇಳಿದ ದಣಿವಿಗೆ ಹತ್ತು ದಿನದ ಗೋಕರ್ಣ ಸಾಲದು. ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ರಜೆಯಲ್ಲೂ ಯಾವುದರಲ್ಲೂ ರುಚಿ ಹುಟ್ಟದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಖಿನ್ನತೆಯೂ ಇರಬಹುದು, ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ತೆರೆದಿದೆ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದಿನ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಇನ್ನು ಕೆಲಸದ ಜಾಗದ ಮಾತು. ಮಾಸ್ಲಾಕ್ ತಮ್ಮ ಈಚಿನ ಬರಹಗಳಲ್ಲಿ ಹಳೆಯ ಕಲ್ಲಿದ್ದಲು ಗಣಿಗಳ ಕ್ಯಾನರಿ ಹಕ್ಕಿಯನ್ನು ನೆನೆಯುತ್ತಾರೆ. ಗಣಿಯಲ್ಲಿ ವಿಷಗಾಳಿ ಇದ್ದರೆ ಮೊದಲು ಕುಸಿಯುತ್ತಿದ್ದದ್ದು ಆ ಹಕ್ಕಿ. ಹಕ್ಕಿಯನ್ನು ಗಟ್ಟಿ ಮಾಡುವುದು ಹೇಗೆಂದು ಯಾರೂ ಕೇಳುತ್ತಿರಲಿಲ್ಲ, ಗಾಳಿಯನ್ನು ನೋಡುತ್ತಿದ್ದರು. ಇಬ್ಬರ ಕೆಲಸವನ್ನು ಒಬ್ಬರಿಂದ ಮಾಡಿಸುವ ವಾರ್ಡಿಗೆ, ತಪ್ಪಿಗೆ ಬೈಗುಳವಿದ್ದು ಒಳ್ಳೆಯದಕ್ಕೆ ಒಂದು ಮಾತಿಲ್ಲದ ಕಚೇರಿಗೆ ಮರಳುವವರ ರಜೆ ಮೂರು ವಾರ ಕೂಡ ಉಳಿಯುವುದು ಕಷ್ಟ.

ಕಳೆದ ಸಲ ನಾನು ಒಂಬತ್ತು ದಿನದ ರಜೆ ಮುಗಿಸಿ ಕೆಲಸಕ್ಕೆ ಸೇರಿಕೊಂಡದ್ದು ಬುಧವಾರ. ಮೊದಲ ವಾರ ಮೂರೇ ದಿನದ್ದಾಗಲಿ ಎಂದು ಹಾಗೆ ಮಾಡಿದ್ದೆ. ಶಿಕ್ಷಕರ ಆ ಅಧ್ಯಯನ ಓದಿದ ಮೇಲೆ, ಮರಳಿದ ನಂತರದ ಸಂಜೆಗಳನ್ನೂ ರಜೆಯ ಲೆಕ್ಕಕ್ಕೇ ಸೇರಿಸಿದ್ದೇನೆ. ಆರು ಗಂಟೆಗೆ ಫೋನನ್ನು ದೇವರ ಮನೆಯ ಶೆಲ್ಫಿನ ಮೇಲಿಟ್ಟು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು. ಹೆಜ್ಜಾರ್ಲೆಗಳು ನೀರಿನಿಂದ ಭಾರವಾಗಿ ಎದ್ದು ಮರಗಳಿಗೆ ಮರಳುವ ಹೊತ್ತು ಅದು. ಮೂರನೆಯ ವಾರದ ಗುರುವಾರ ಸಂಜೆ ಮಳೆ ಹಿಡಿಯಿತು. ಕೊಡೆ ತೆಗೆದುಕೊಂಡು ಹೋದೆ.